ಸುವಾರ್ತೆಗೆ ಸಾಕ್ಷಿ ಹೇಳಿದ ಮೂರು ಕಾವಲಿ

ನಂಬಬೇಡಿ. ನಾನೇ ಹೇಳುತ್ತಿದ್ದೇನಲ್ಲ, ನಂಬಬೇಡಿ. ಎಷ್ಟು ಹೊತ್ತು ಹಟ ಹಿಡಿಯುತ್ತೀರೋ ನೋಡೋಣ. ಯೇಸುವಿನ ಕಥೆಯನ್ನು ಮೊದಲು ಬರೆದವರು ಯಾರು, ಅದನ್ನು ಮುಂದಿಟ್ಟುಕೊಂಡು ಬರೆದವರು ಯಾರು ಎಂಬ ತಕರಾರು ಭದ್ರಾವತಿಯ ಒಂದು ಸಣ್ಣ ಪ್ರಾರ್ಥನಾ ಮಂದಿರದಲ್ಲಿ ಎದ್ದಾಗ, ಅದನ್ನು ಮೂರು ದೋಸೆ ಕಾವಲಿ ಇಟ್ಟು ಇತ್ಯರ್ಥ ಮಾಡಿದವನು ನಾನು. ಕೊರಳಲ್ಲಿ ಲಿಂಗ ಇರುವವನು, ಹೊಳಲೂರಿನ ರೈತನ ಮಗ. ಆ ಕ್ರೈಸ್ತ ಸಭೆಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ದೇಶ ದೇಶಗಳ ಪಂಡಿತರು ತಲೆಮಾರುಗಟ್ಟಲೆ ತಲೆ ಕೆರೆದುಕೊಂಡ ವಿಷಯವನ್ನು ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿಬಿಟ್ಟೆ. ನನ್ನ ಹೆಂಡತಿ ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ಆ ದಿನ ದೋಸೆ ತಪ್ಪಿತು ಎಂಬುದಷ್ಟೇ ಅವಳಿಗೆ ನೆನಪು.

ಹೆಸರುಗಳನ್ನು ಮಾತ್ರ ಕೇಳಬೇಡಿ. ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳು ನಾಲ್ಕು, ಸುವಾರ್ತೆ ಅನ್ನುತ್ತಾರೆ. ಬರೆದವರು ಅವುಗಳ ಒಳಗೆ ಎಲ್ಲೂ ತಮ್ಮ ಹೆಸರು ಹಾಕಿಕೊಂಡಿಲ್ಲ. ಈಗ ಮೇಲೆ ಕಾಣುವ ಹೆಸರುಗಳು ಆಮೇಲಿನವರು ಅಂಟಿಸಿದ ಚೀಟಿಗಳು. ಲೋಕವೆಲ್ಲ ಓದುವಂಥದ್ದನ್ನು ಬರೆದವರೇ ಸುಮ್ಮನಿದ್ದ ಮೇಲೆ, ಕಾವಲಿ ಹೊತ್ತವನ ಹೆಸರು ನಿಮಗೆ ಯಾಕೆ ಬೇಕು?

ತೊಂಬತ್ತರ ದಶಕದಲ್ಲಿ ನಾನು ಭದ್ರಾವತಿಯ ಒಂದು ಎರಕದ ಶೆಡ್ಡಿನಲ್ಲಿ ಮರದ ಅಚ್ಚು ಮಾಡುತ್ತಿದ್ದೆ. ದೊಡ್ಡ ಕಾರ್ಖಾನೆಯಲ್ಲ; ಅದರ ನೆರಳಿನಲ್ಲಿ ಬದುಕಿಕೊಂಡಿದ್ದ ಪುಟ್ಟ ಶೆಡ್ಡು. ಪಂಪಿನ ಮುಚ್ಚಳ, ಚರಂಡಿಯ ಜಾಲರಿ, ದೋಸೆ ಕಾವಲಿ, ಯಾರು ಏನು ಕೇಳಿದರೆ ಅದು. ಕೆಲಸ ಸರಳ. ನಾನು ಮರದಲ್ಲಿ ಒಂದು ಕಾವಲಿ ಕೆತ್ತುತ್ತೇನೆ. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಗುಳಿ ಉಳಿಯುತ್ತದೆ. ಆ ಗುಳಿಗೆ ಕರಗಿದ ಕಬ್ಬಿಣ ಸುರಿದರೆ ಕಾವಲಿ. ಅಚ್ಚಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಅದರಿಂದ ಹುಟ್ಟಿದ ಪ್ರತಿ ಕಾವಲಿಗೂ ಅದು ಅಂಟಿಕೊಂಡು ಬರುತ್ತದೆ.

ನಾನು ಸುಮ್ಮನೆ ಕೂರುವ ಪ್ರಾಣಿಯಲ್ಲ. ಕಾವಲಿಯ ಅಚ್ಚಿನಲ್ಲಿ, ಹಿಡಿಯ ಕೆಳಭಾಗದಲ್ಲಿ, ಒಂದು ಇರುವೆ ಕೆತ್ತಿದೆ. ಅಕ್ಕಿಕಾಳಿನಷ್ಟು ಉದ್ದ, ಕಾಲುಗಳು ಸಮೇತ. ಮೇಸ್ತ್ರಿಗೆ ಕಾಣಲಿಲ್ಲ, ಮಾಲೀಕರಿಗೆ ಕಾಣಲಿಲ್ಲ. ಆ ಇರುವೆ ಭದ್ರಾವತಿಯ ಅಡುಗೆಮನೆಗಳಿಗೆಲ್ಲ ಹೋಯಿತು, ರೈಲು ಹತ್ತಿ ಶಿವಮೊಗ್ಗಕ್ಕೆ ಹೋಯಿತು. ಹೆಸರು ಹಾಕದೆ ಮನೆ ಮನೆ ಸೇರುವುದು ಹೇಗೆ ಎಂಬುದನ್ನು ನನ್ನಿಂದ ಕಲಿಯಬೇಕು.

ಮರಳು ಒತ್ತುವ ಕೆಲಸ ನನ್ನ ಗೆಳೆಯನದು. ಅಜ್ಜನ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದ ಕ್ರೈಸ್ತ ಕುಟುಂಬ, ನ್ಯೂ ಟೌನಿನ ಹತ್ತಿರ ಮನೆ. ಶೆಡ್ಡಿನಲ್ಲಿ ಮಾತೇ ಆಡದವನು. ಆದರೆ ಭಾನುವಾರ ಆರಾಧನೆ ಮುಗಿದ ಮೇಲೆ ಮಂದಿರದ ಹಿಂದಿನ ಹೊಂಗೆ ಮರದ ಕೆಳಗೆ ದೊಡ್ಡವರಿಗೆ ಬೈಬಲ್ ಪಾಠ ಮಾಡುತ್ತಿದ್ದ. ಅವನಿಗಿಂತ ಮೊದಲು ಅವನಪ್ಪ ಅದೇ ಮರದ ಕೆಳಗೆ, ಅದೇ ಮಡಚುವ ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದರು. ವಾರವೆಲ್ಲ ಮರಳಿನಲ್ಲಿ ಬಗ್ಗಿದ ಬೆನ್ನು ಆ ಕುರ್ಚಿಯಲ್ಲಿ ಮಾತ್ರ ನೆಟ್ಟಗಾಗುತ್ತಿತ್ತು. ನಾನು ಒಂದೆರಡು ಸಲ ಕಾಂಪೌಂಡಿನ ಆಚೆ ನಿಂತು ಕೇಳಿದ್ದೇನೆ. ಇವನೇನಾ ಅವನು ಅನ್ನಿಸುವಂತೆ ಮಾತಾಡುತ್ತಿದ್ದ.

ಈ ಗೆಳೆಯನಿಗೆ ಶಿವಮೊಗ್ಗದಲ್ಲಿ, ಹಳೇ ಪುಸ್ತಕ ಮಾರುವವನ ಗುಡ್ಡೆಯಲ್ಲಿ, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಬೈಬಲ್ಲಿನ ಹೊಸ ಒಡಂಬಡಿಕೆ ಹೇಗೆ ಹುಟ್ಟಿತು, ಯಾರು ಬರೆದರು ಎಂಬ ವಿಷಯ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದು ಮಳೆಗಾಲವೆಲ್ಲ ಓದಿದ. ಓದಿದ್ದನ್ನು ಚಹಾದ ಹೊತ್ತಿನಲ್ಲಿ ನನ್ನ ಮೇಲೆ ಸುರಿಯುತ್ತಿದ್ದ. ಯೇಸು ಮತ್ತು ಶಿಷ್ಯರು ಆಡಿದ್ದು ಒಂದು ಭಾಷೆ, ಪುಸ್ತಕ ಬರೆದಿದ್ದು ಗ್ರೀಕಿನಲ್ಲಿ. ಎಲ್ಲಕ್ಕಿಂತ ಹಳೆಯದು ಸುವಾರ್ತೆಯಲ್ಲ. ಊರೂರು ಸುತ್ತಿ ಯೇಸುವಿನ ಸುದ್ದಿ ಸಾರಿದ ಒಬ್ಬ ಅಪೊಸ್ತಲ ಸಭೆಗಳಿಗೆ ಬರೆದ ಪತ್ರಗಳು. ಆ ಪತ್ರಗಳಲ್ಲೂ ಕೆಲವು ಅವನವಲ್ಲ, ಅವನು ಸತ್ತ ಮೇಲೆ ಶಿಷ್ಯರು ಗುರುವಿನ ಹೆಸರಲ್ಲಿ ಬರೆದವು ಎಂದು ಬಹಳ ಜನ ಓದಿದವರ ಅಭಿಪ್ರಾಯ.

"ಅಂದ್ರೆ ಕಳ್ಳ ಸಹಿ," ಅಂದೆ ನಾನು.

"ಕಳ್ಳ ಸಹಿ ಅಲ್ಲ ಮಾರಾಯ. ಗುರು ಇದ್ದಿದ್ರೆ ಏನ್ ಹೇಳ್ತಿದ್ರೋ ಅದನ್ನ ಹೇಳ್ತೀವಿ ಅನ್ನೋ ಧೈರ್ಯ. ನಿಮ್ಮಲ್ಲಿ ವಚನದ ಕೊನೇಲಿ ಬರೆದೋರ ಹೆಸರಿರುತ್ತಾ, ದೇವರ ಹೆಸರಿರುತ್ತಾ?"

"ದೇವರದ್ದು."

"ಮತ್ತೆ ನೀವ್ ಮಾಡಿದ್ರೆ ಭಕ್ತಿ, ನಾವ್ ಮಾಡಿದ್ರೆ ಕಳ್ಳತನಾನಾ?"

ಬಾಯಿ ಮುಚ್ಚಿಸಿದ. ನನ್ನ ಬಾಯಿ ಮುಚ್ಚಿಸಿದವರು ಭದ್ರಾವತಿಯಲ್ಲಿ ಇವನೊಬ್ಬ, ಇನ್ನೊಬ್ಬಳು ಮನೆಯಲ್ಲಿದ್ದಾಳೆ.

ಅವನು ಹೇಳಿದವರಲ್ಲಿ ನನಗೆ ತುಂಬ ಹಿಡಿಸಿದವನು ಒಬ್ಬ ಬರವಣಿಗೆಯ ಆಳು. ಅಪೊಸ್ತಲ ಬಾಯಲ್ಲಿ ಹೇಳುತ್ತಿದ್ದ, ಈ ಆಳು ಬರೆದುಕೊಳ್ಳುತ್ತಿದ್ದ. ಒಂದು ದೊಡ್ಡ ಪತ್ರದ ಕೊನೆಯಲ್ಲಿ, ಕ್ಷೇಮ ಸಮಾಚಾರಗಳ ಮಧ್ಯೆ, ಈ ಪುಣ್ಯಾತ್ಮ ತನ್ನದೂ ಒಂದು ನಮಸ್ಕಾರ ಸೇರಿಸಿದ್ದಾನೆ: ಈ ಪತ್ರ ಬರೆದುಕೊಂಡ ನಾನೂ ನಿಮ್ಮನ್ನು ವಂದಿಸುತ್ತೇನೆ ಅಂತ, ಹೆಸರು ಸಮೇತ. ಸುವಾರ್ತೆ ಬರೆದ ಮಹಾನುಭಾವರ ಹೆಸರಿಲ್ಲ, ಈ ಆಳಿನದು ಉಳಿದಿದೆ. ಅವನು ಎಲ್ಲಿದ್ದರೂ ನನ್ನ ಕುಲದವನು. ಅವನಿಗೆ ಅವಕಾಶ ಸಿಕ್ಕಿದ್ದರೆ ಅಕ್ಷರಗಳ ಮಧ್ಯೆ ಒಂದು ಇರುವೆಯನ್ನೂ ಬರೆದುಬಿಡುತ್ತಿದ್ದ.

ಇವೆಲ್ಲ ಚಹಾದ ಲೋಟಗಳ ನಡುವೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಗೆಳೆಯ ಹೊಂಗೆ ಮರದ ಕೆಳಗೂ ಹೇಳಿದ. ಸುವಾರ್ತೆಗಳ ಮೇಲಿನ ಹೆಸರು ಆಮೇಲೆ ಬಂದದ್ದು, ಸಾಲಿನಲ್ಲಿ ಎರಡನೆಯದಾಗಿ ಇಟ್ಟಿರುವುದೇ ಮೊದಲು ಬರೆದದ್ದು, ಒಂದನೆಯದೂ ಮೂರನೆಯದೂ ಅದನ್ನು ಮುಂದಿಟ್ಟುಕೊಂಡು ಬರೆದವು ಅಂತ. ಕೇಳಿದವರು ಮನೆಗೆ ಹೋಗಿ ಹೇಳಿದರು. ಅದು ಸಭೆಯ ಹಿರಿಯರ ಕಿವಿಗೆ ಬಿತ್ತು.

ಆ ಹಿರಿಯರು ಯಾರೆಂದುಕೊಂಡಿರಿ? ನಮ್ಮ ಶೆಡ್ಡಿನಲ್ಲೇ ಮೇಸ್ತ್ರಿಯಾಗಿದ್ದು ರಿಟೈರಾದವರು. ನನಗೂ ಗೆಳೆಯನಿಗೂ ಕೆಲಸ ಕಲಿಸಿದವರು. ಎರಕ ಕೆಟ್ಟರೆ ಇಕ್ಕಳ ಎತ್ತುತ್ತಿದ್ದರು, ಆದರೆ ಯಾರಿಗೂ ಹೊಡೆದವರಲ್ಲ. ಓದು ಬರಹ ಇಲ್ಲದ ಮನೆಯಲ್ಲಿ ಹುಟ್ಟಿ, ಕೂಲಿ ಮುಗಿಸಿ ಬಂದು, ಆ ಬೈಬಲ್ಲನ್ನೇ ಅಕ್ಷರ ಅಕ್ಷರ ಬೆರಳಿಟ್ಟು ಓದಲು ಕಲಿತವರು. ಅವರು ಗೆಳೆಯನ ಮನೆಗೆ ಬಂದು ನಿಂತೇ ಹೇಳಿದರು.

"ಬರೋ ಭಾನುವಾರ ಸಭೆ ಕೂಡ್ತೈತೆ. ಹೇಳಿದ್ದು ತಪ್ಪು ಅಂತ ಎಲ್ಲರೆದುರು ಒಪ್ಕೋ. ಇಲ್ಲ ಕ್ಲಾಸ್ ಬಿಟ್ಟುಬಿಡು. ನಿಮ್ಮಪ್ಪನ ಕುರ್ಚಿ ಅಂತ ಇಷ್ಟ್ ದಿನ ಸುಮ್ನಿದ್ದೆ."

ಮರುದಿನ ಶೆಡ್ಡಿನಲ್ಲಿ ಗೆಳೆಯ ಒತ್ತಿದ ಮರಳಚ್ಚುಗಳೆಲ್ಲ ಕುಸಿಯುತ್ತಿದ್ದವು.

"ಒಪ್ಕೊಂಡ್‌ಬಿಡು," ಅಂದೆ, ಪರೀಕ್ಷೆ ಮಾಡಲು.

"ಸುಳ್ಳು ಹೇಳಿ ಆ ಕುರ್ಚೀಲಿ ಹೆಂಗ್ ಕೂರ್ಲಿ?"

"ಹಂಗಾದ್ರೆ ಬಿಟ್‌ಬಿಡು."

"ಬಿಟ್ರೆ ಭಾನುವಾರ ನಂಗೆ ಉಳಿಯೋದಾದ್ರೂ ಏನು ಮಾರಾಯ?"

ಆಮೇಲೆ ತನ್ನ ಕನ್ನಡ ಬೈಬಲ್ ತೆಗೆದು, ಒಂದೇ ಕಥೆಯನ್ನು ಮೂರು ಸುವಾರ್ತೆಗಳಲ್ಲಿ ತೋರಿಸಿದ. ಒಂದು ಜಾಗದಲ್ಲಿ ಬೆರಳಿಟ್ಟ. ನಾನು ನೋಡಿದೆ. ಇನ್ನೊಮ್ಮೆ ನೋಡಿದೆ. ಅಲ್ಲೇ ನಗು ಬಂತು. ಏನು ಕಂಡೆ ಅಂತ ಈಗಲೇ ಹೇಳಿದರೆ ಆಟ ಕೆಡುತ್ತದೆ.

"ಭಾನುವಾರ ನಾನೂ ಬರ್ತೀನಿ," ಅಂದೆ.

"ನಿನ್ನನ್ನ ಒಳಗ್ ಬಿಡಲ್ಲ."

"ನೋಡೋಣ."

ನನಗೆ ಬೇಕಾದದ್ದು ಮೂರು ಕಾವಲಿ. ಇಲ್ಲಿ ಎರಕದವರ ಒಂದು ಗುಟ್ಟು ಹೇಳಬೇಕು. ಮರದ ಅಚ್ಚು ಇಲ್ಲದವರು ಏನು ಮಾಡುತ್ತಾರೆ ಗೊತ್ತೇ? ಬೇರೆಯವರ ಸಿದ್ಧ ಕಾವಲಿಯನ್ನೇ ತಂದು ಮರಳಿನಲ್ಲಿ ಒತ್ತಿ ಎರೆಯುತ್ತಾರೆ. ಶ್ರಮ ಉಳಿಯುತ್ತದೆ. ಆದರೆ ಮೂಲದ ಕಲೆ, ಗೀರು, ಹುಣ್ಣು ಎಲ್ಲವೂ ಜೊತೆಗೆ ಬರುತ್ತವೆ. ಶಿವಮೊಗ್ಗದ ಆಲ್ಕೊಳದಲ್ಲಿ ಒಬ್ಬ ನಮ್ಮ ಕಾವಲಿಯನ್ನು ಹೀಗೆ ಒತ್ತಿ ಮಾರುತ್ತಿದ್ದ. ಹಿಡಿಯ ತುದಿಗೆ ನೇತುಹಾಕಲು ಒಂದು ತೂತು ಸೇರಿಸಿದ್ದ, ಮಿಕ್ಕಿದ್ದೆಲ್ಲ ನಮ್ಮದೇ. ಇನ್ನೊಬ್ಬ ಸಂತೆಯಲ್ಲಿ ಮಾರುತ್ತಿದ್ದ. ಅವನದಕ್ಕೆ ಅಂಚು ಉಜ್ಜಿ ನುಣುಪು ಮಾಡಿದ್ದ, ಇರುವೆಯನ್ನೂ ಉಜ್ಜಲು ನೋಡಿದ್ದ, ಕಾಲುಗಳು ಮಾತ್ರ ಉಳಿದಿದ್ದವು. ಎರಡನ್ನೂ ಸಂಪಾದಿಸಿದೆ. ಮೂಲದ್ದು ನಮ್ಮ ಮನೆಯ ಒಲೆಯ ಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ಅದನ್ನು ಗೋಣಿಚೀಲಕ್ಕೆ ಹಾಕುವಾಗ ಹೆಂಡತಿ ಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದಳು.

"ಅವರ ದೇವರ ಜಗಳಕ್ಕೆ ನಮ್ ಕಾವಲಿ ಯಾಕ್ರೀ?"

"ಸಾಕ್ಷಿ ಹೇಳಕ್ಕೆ."

"ಅದು ಹೇಳುತ್ತೋ ಇಲ್ವೋ, ನೀವಂತೂ ಹೇಳ್ತೀರ. ಬರೋವಾಗ ಉಪ್ಪಿಟ್ಟಿಗೆ ರವೆ ತಗೊಂಡ್ ಬನ್ನಿ."

ಆರಾಧನೆ ಮುಗಿದು ಜನ ಒಳಗೇ ಕೂತಿದ್ದರು. ಎದುರಿಗೆ ಹಿರಿಯರು, ಪಕ್ಕದಲ್ಲಿ ಪಾಸ್ಟರು. ಪಾಸ್ಟರು ವಯಸ್ಸಿನಲ್ಲಿ ಚಿಕ್ಕವರು, ದೇವಶಾಸ್ತ್ರದ ಕಾಲೇಜಿನಲ್ಲಿ ಓದಿ ಇಲ್ಲಿಗೆ ಬಂದವರು, ನೆಲ ನೋಡುತ್ತ ಕೂತಿದ್ದರು. ಗೆಳೆಯ ನಿಂತಿದ್ದ. ನಾನು ಬಾಗಿಲಲ್ಲಿ ಚೀಲ ಇಳಿಸಿದ ಸದ್ದಿಗೆ ಎಲ್ಲರೂ ತಿರುಗಿದರು.

"ಏನೋ ಹೊಳಲೂರು, ನೀನ್ಯಾಕೆ ಇಲ್ಲಿ?" ಅಂದರು ಹಿರಿಯರು. ಶೆಡ್ಡಿನಲ್ಲಿ ನನ್ನನ್ನು ಊರಿನ ಹೆಸರಲ್ಲೇ ಕರೆಯುತ್ತಿದ್ದರು. "ನೀನು ನಮ್ ಸಭೆಯೋನಲ್ಲ."

"ಸುವಾರ್ತೆ ಬರೆದೋರೂ ನಿಮ್ ಸಭೆಯೋರಲ್ಲ ಮೇಸ್ತ್ರಿ. ಅವರ್ನ ಒಳಗ್ ಬಿಟ್ಕೊಂಡಿದ್ದೀರಲ್ಲ."

ಹಿಂದೆ ಯಾರೋ ನಕ್ಕರು. ಹಿರಿಯರು ನಗಲಿಲ್ಲ. "ನಡಿ ಆಚೆ," ಅಂದರು.

"ಹೋಗ್ತೀನಿ. ಅದಕ್ ಮುಂಚೆ ಒಂದ್ ಕೆಲಸದ ಮಾತು. ಯಾರೋ ನಮ್ ಕಾವಲಿ ಕದ್ದು ಎರೀತಾ ಇದಾರೆ. ಯಾವುದು ಮೂಲ, ಯಾವುದು ನಕಲು ಅಂತ ಶೆಡ್ಡಲ್ಲಿ ಯಾರಿಗೂ ಗೊತ್ತಾಗ್ತಿಲ್ಲ. ನಿಮ್ಗೂ ವಯಸ್ಸಾಯ್ತು, ಗೊತ್ತಾಗಲ್ಲ ಬಿಡಿ."

ಈ ಮನುಷ್ಯನನ್ನು ಎಲ್ಲಿ ಮುಟ್ಟಿದರೆ ಎದ್ದು ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಎದ್ದು ಬಂದರು. ಕನ್ನಡಕವನ್ನೂ ಹಾಕಲಿಲ್ಲ. ಮೂರನ್ನೂ ನೆಲದ ಮೇಲೆ ಮಗುಚಿ, ಹಿಡಿಯ ಕೆಳಗೆ ಬೆರಳಾಡಿಸಿದರು. ಆ ಬೆರಳುಗಳನ್ನೇ ಸಭೆಯೆಲ್ಲ ಬಗ್ಗಿ ನೋಡುತ್ತಿತ್ತು.

"ಇದು ನಮ್ ಶೆಡ್ಡಿಂದು," ಅಂದರು. "ಇವೆರಡೂ ಇದನ್ನ ಒತ್ತಿ ತೆಗ್ದಿರೋದು."

"ಹೆಂಗ್ ಹೇಳ್ತೀರಿ? ಒಂದಕ್ಕೆ ತೂತೈತೆ, ಇನ್ನೊಂದು ನುಣ್ಣಗೈತೆ. ಮೂರು ಜನ ಬೇರೆ ಬೇರೆ ಅಚ್ಚು ಮಾಡಿರಬಹುದಲ್ಲ?"

"ಬೇರೆ ಬೇರೆ ಅಚ್ಚಾದ್ರೆ ಮೂರಕ್ಕೂ ಒಂದೇ ಜಾಗದಲ್ಲಿ ಒಂದೇ ಗುರುತು ಬರುತ್ತೇನೋ? ಇರುವೆ ಐತೆ ನೋಡು ಇಲ್ಲಿ. ತೂತು ಆಮೇಲೆ ಸೇರ್ಸಿದ್ದು, ನುಣುಪು ಆಮೇಲೆ ಉಜ್ಜಿದ್ದು. ಒರಟಾಗಿರೋದೇ ಮೊದಲ್ನೇದು. ಇದು ಗೊತ್ತಾಗ್ದೇ ಇರೋರನ್ನ ಶೆಡ್ಡಲ್ಲಿ ಯಾಕಿಟ್ಕೊಂಡಿದಾರೆ?"

"ಅಷ್ಟೇ ಬೇಕಾಗಿತ್ತು ಮೇಸ್ತ್ರಿ," ಅಂದು ಗೆಳೆಯನ ಕಡೆ ತಿರುಗಿದೆ. "ಈಗ ನೀನ್ ಓದು."

ಗೆಳೆಯ ಬೈಬಲ್ ತೆರೆದು ಓದಿದ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕೈಕಾಲು ಬಿದ್ದುಹೋದ ರೋಗಿಯೊಬ್ಬನನ್ನು ಯೇಸುವಿನ ಬಳಿ ಹೊತ್ತು ತರುತ್ತಾರೆ. ಎರಡನೆಯ ಸುವಾರ್ತೆಯಲ್ಲಿ ಮನೆ ತುಂಬ ಜನ, ಒಳಗೆ ಬರಲು ಜಾಗವಿಲ್ಲ, ಹೊತ್ತು ತಂದವರು ಮಾಳಿಗೆ ಹತ್ತಿ ಮಣ್ಣು ಅಗೆದು ಅವನನ್ನು ಇಳಿಸುತ್ತಾರೆ. ಮೂರನೆಯದರಲ್ಲಿ ಹೆಂಚು ತೆಗೆದು ಇಳಿಸುತ್ತಾರೆ. ಒಂದನೆಯದರಲ್ಲಿ ಮಾಡಿನ ಸುದ್ದಿಯೇ ಇಲ್ಲ.

"ಮೂರನೇದು ಬರೆದೋರು ಶಿವಮೊಗ್ಗದ ಕಡೆಯೋರಿರಬೇಕು," ಅಂದೆ. "ಮಣ್ಣಿನ ಮಾಳಿಗೆ ಗೊತ್ತಿಲ್ಲ, ಹೆಂಚು ಹಾಕ್ಬಿಟ್ರು."

"ಬಾಯ್ಮುಚ್ಚು," ಅಂದರು ಹಿರಿಯರು. ಆದರೆ ಆಚೆ ಹೋಗು ಅನ್ನಲಿಲ್ಲ.

ಗೆಳೆಯ ಮುಂದುವರಿಸಿದ. ಪಾಪ ಕ್ಷಮಿಸುವ ಅಧಿಕಾರ ನನಗಿದೆ ಎಂದು ನಿಮಗೆ ತಿಳಿಯಬೇಕು, ಅದಕ್ಕಾಗಿ, ಎಂದು ಯೇಸು ಎದುರಿನವರಿಗೆ ಹೇಳುತ್ತಿದ್ದಾರೆ. ಆ ಮಾತು ಪೂರ್ತಿಯಾಗುವುದಿಲ್ಲ. ಬರೆದವನು ನಡುವೆ ಬಾಯಿ ಹಾಕಿ, ಆಮೇಲೆ ರೋಗಿಯ ಕಡೆ ತಿರುಗಿ ಹೇಳಿದರು, ಅನ್ನುತ್ತಾನೆ. ಮಾತು ಅಲ್ಲೇ ಮುರಿದು, ಎದ್ದು ಹಾಸಿಗೆ ತಗೋ ಎಂದು ಇನ್ನೊಂದು ಮಾತು ಶುರುವಾಗುತ್ತದೆ. ಎರಡನೆಯದರಲ್ಲಿ ಹೀಗಿದೆ. ಒಂದನೆಯದರಲ್ಲೂ ಅದೇ ಜಾಗದಲ್ಲಿ ಮುರಿದಿದೆ. ಮೂರನೆಯದರಲ್ಲೂ ಅದೇ ಜಾಗದಲ್ಲಿ.

"ಮನೆ ಮಾಡು ಬೇರೆ ಬೇರೆ," ಅಂದ ಗೆಳೆಯ, "ಮುರುಕು ಒಂದೇ."

ಹಿರಿಯರು ಬೈಬಲ್ಲನ್ನು ಕಿತ್ತುಕೊಂಡರು. ಈ ಸಲ ಕನ್ನಡಕ ಹಾಕಿಕೊಂಡರು. ಮೊದಲು ಕಲಿತ ಹಾಗೆಯೇ ಬೆರಳಿಟ್ಟು ಓದಿದರು, ತುಟಿ ಅಲುಗುತ್ತಿತ್ತು. ಪುಟ ಹಿಂದೆ ಮುಂದೆ ಮಗುಚಿದರು. ಕಾವಲಿ ಮುಟ್ಟಿದ ಬೆರಳಿನ ಮಸಿ ಪುಟದ ಅಂಚಿಗೆ ಹತ್ತಿತು. ನನಗೆ ಆಗ ನಗು ಬರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಆ ಬೆರಳು ಇಡೀ ಬದುಕನ್ನು ಅದೇ ಸಾಲುಗಳ ಮೇಲೆ ನಡೆಸಿತ್ತು.

"ಹೆಸರು ತೆಗೆದ್‌ಬಿಟ್ರೆ," ಅಂದರು, ಮೆಲ್ಲಗೆ, "ನಾನು ನಂಬಿದ್ದು ಯಾರನ್ನ?"

ಗೆಳೆಯ ಹತ್ತಿರ ಹೋದ. "ಅಣ್ಣಾ, ಮೂರನೇದು ಬರೆದೋರು ಶುರೂಲೇ ಹೇಳ್ಕೊಂಡಿದಾರೆ, ನನಗಿಂತ ಮುಂಚೆ ಎಷ್ಟೋ ಜನ ಬರ್ದಿದಾರೆ, ನಾನು ಎಲ್ಲಾ ವಿಚಾರಿಸಿ ಬರೀತೀನಿ ಅಂತ. ಅವರು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟಿರೋದು ನಾವು."

ಹಿರಿಯರು ಪಾಸ್ಟರ ಕಡೆ ತಿರುಗಿದರು. "ಅಯ್ಯಾ, ಇವನು ಹೇಳೋದು ನಿಮ್ಗೆ ಗೊತ್ತಾ?"

ಪಾಸ್ಟರು ನೆಲದಿಂದ ಕಣ್ಣೆತ್ತಿದರು. "ಗೊತ್ತು. ಕಾಲೇಜಲ್ಲಿ ಮೊದಲ್ನೇ ವರ್ಷಾನೇ ಹೇಳ್ಕೊಡ್ತಾರೆ."

"ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?"

"ಹೇಳಿದೋರನ್ನ ಏನ್ ಮಾಡ್ತೀರಿ ಅಂತ ಇವತ್ತು ನೋಡ್ತಾ ಇದೀನಲ್ಲ."

ಅಷ್ಟು ಹೊತ್ತು ಆ ಹುಡುಗನ ಬಗ್ಗೆ ನನಗೆ ಗೌರವ ಇರಲಿಲ್ಲ. ಆಗ ಸ್ವಲ್ಪ ಬಂತು. ತಡವಾಗಿ ಹೇಳಿದ, ಆದರೂ ಹೇಳಿದ. ಹಿರಿಯರು ಮತ್ತೆ ನೆಲದ ಮೇಲಿನ ಕಾವಲಿಗಳನ್ನು ನೋಡಿದರು. ಆಮೇಲೆ ನನ್ನನ್ನು.

"ಲೇ ಹೊಳಲೂರು. ಮೂರರಲ್ಲೂ ದೋಸೆ ಏಳುತ್ತೇನೋ?"

"ಏಳುತ್ತೆ ಮೇಸ್ತ್ರಿ."

"ಸುಡೋದಿಲ್ಲ? ಅಂಟೋದಿಲ್ಲ?"

"ನಮ್ಮನೇಲಿ ಇದರ ಮೇಲೆ ಹಾಕಿದ್ದು ಒಂದೂ ಅಂಟಿಲ್ಲ. ಬೇಕಾದ್ರೆ ನನ್ ಹೆಂಡ್ತೀನ ಕೇಳಿ. ಇವತ್ತು ಬೇಡ, ಇವತ್ತು ಸಿಟ್ಟಾಗಿದಾಳೆ."

ಹಿರಿಯರು ಬೈಬಲ್ ಮುಚ್ಚಿ ಗೆಳೆಯನ ಕೈಗೆ ಕೊಟ್ಟರು. "ಕ್ಲಾಸ್ ನಡೀಲಿ," ಅಂದರು. "ಆದ್ರೆ ಬರೋ ವಾರದಿಂದ ನಾನೂ ಬಂದು ಕೂರ್ತೀನಿ. ಏನೇನು ಉಜ್ಜಿದಾರೆ, ಏನೇನು ಸೇರ್ಸಿದಾರೆ, ಒಂದೂ ಬಿಡ್ದೆ ತೋರಿಸ್ಬೇಕು. ಅರ್ಧಂಬರ್ಧ ಹೇಳಿದ್ರೆ ಇಕ್ಕಳ ತರ್ತೀನಿ."

ನನ್ನ ಕಡೆಗೆ ಬೆರಳು ತೋರಿಸಿ, "ಇವನು ಕಾಂಪೌಂಡಿನ ಆಚೆ," ಅಂದರು.

ಆಚೆಯೇ ನಿಂತೆ. ಮುಂದಿನ ಭಾನುವಾರವೂ ನಿಂತೆ. ಹೊಂಗೆ ಮರದ ಕೆಳಗೆ ಗೆಳೆಯ ಮಡಚುವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಹಿರಿಯರು ಎಲ್ಲರಿಗಿಂತ ಹಿಂದೆ, ಬೈಬಲ್ಲಿನಲ್ಲಿ ಬೆರಳಿಟ್ಟುಕೊಂಡು, ಪ್ರತಿ ಮಾತಿಗೂ ಅಡ್ಡ ಪ್ರಶ್ನೆ ಹಾಕುತ್ತಿದ್ದರು. ಪಾಸ್ಟರು ಕೂಡ ಒಂದು ಮೂಲೆಯಲ್ಲಿ ಕೂತಿದ್ದರು. ಒಂದಷ್ಟು ಜನ ಸಭೆಯನ್ನೇ ಬಿಟ್ಟು ಬೇರೆ ಕಡೆ ಹೋದರು, ಅದನ್ನು ಮುಚ್ಚಿಡುವುದಿಲ್ಲ. ಹೋದವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಒಬ್ಬ ಮನುಷ್ಯ ಓದಿದ್ದನ್ನು ಹೇಳಿದ್ದಕ್ಕೆ ಅವನ ಅಪ್ಪನ ಕುರ್ಚಿ ಕಿತ್ತುಕೊಳ್ಳುವುದಾದರೆ, ನಾನು ಈಗಲೂ ಗೋಣಿಚೀಲ ಹೊತ್ತು ಬರುತ್ತೇನೆ. ಸಭೆ ಯಾವುದಾದರೂ ಸರಿ. ನಮ್ಮ ಮಠದಲ್ಲಾದರೂ ಸರಿ.

ಒಂದು ಮಾತು ಮಾತ್ರ ಗೆಳೆಯನಿಗೆ ಹೇಳಿಕೊಟ್ಟವನು ನಾನು. ಕಾವಲಿಯಿಂದ ಕಾವಲಿ ಒತ್ತಿದರೆ ಹೊಸದು ಒಂದು ಕೂದಲು ಚಿಕ್ಕದಾಗುತ್ತದೆ, ಯಾಕೆಂದರೆ ಕಬ್ಬಿಣ ಆರುವಾಗ ಕುಗ್ಗುತ್ತದೆ. ಕಥೆ ಹಾಗಲ್ಲ, ಆರುತ್ತ ಆರುತ್ತ ಹಿಗ್ಗುತ್ತದೆ. ಅದನ್ನು ಅವನು ತನ್ನ ಪಾಠದಲ್ಲಿ ತನ್ನದೇ ಮಾತು ಎಂಬಂತೆ ಹೇಳಿಬಿಟ್ಟ. ನನ್ನ ಹೆಸರು ಹಾಕಲಿಲ್ಲ. ಕಾಂಪೌಂಡಿನ ಆಚೆಯಿಂದ ಕೂಗಿ ಹೇಳೋಣ ಅನ್ನಿಸಿತು, ಬಿಟ್ಟೆ.

ಈಗ ಇಲ್ಲಿಯವರೆಗೆ ಓದಿದ್ದೀರಲ್ಲ, ನಂಬಬೇಡಿ ಅಂದರೂ ಕೇಳದೆ. ಹಾಗಾದರೆ ನನ್ನ ಈ ಕಥೆಯಲ್ಲಿ ಹಿಗ್ಗಿದ್ದು ಯಾವುದು ಅಂತಲೂ ಕೇಳಿಕೊಳ್ಳಿ. ಒಂದೇ ಒಂದು. ಇರುವೆಯನ್ನು ನಾನು ಕೆತ್ತಿರಲಿಲ್ಲ. ಅಚ್ಚು ಮಾಡುವಾಗ ಉಳಿ ಜಾರಿ, ಮರದ ಸಿಬಿರು ಎದ್ದು, ಆ ಗುರುತು ಬಿತ್ತು. ಮೇಸ್ತ್ರಿ ಅವತ್ತು ಮಂದಿರದಲ್ಲಿ ಬೆರಳಾಡಿಸಿ ಹೇಳಿದ್ದೂ ಇರುವೆ ಅಂತಲ್ಲ, "ನಿನ್ ಉಳಿ ಜಾರಿದ್ದು" ಅಂತ. ಮಿಕ್ಕಿದ್ದೆಲ್ಲ ನಡೆದದ್ದು ಹಾಗೆಯೇ. ನಂಬದಿದ್ದರೆ ಹೋಗಿ ನಿಮ್ಮ ಕಾವಲಿ ಮಗುಚಿ ನೋಡಿ.